ಒಂದೇ ತಾಟು

“ಲೇ, ತಾಟಿಗೆ ಕೈ ಹಾಕಬ್ಯಾಡ! ಆಳು ಆಳಿನಂಗ ಇರು.”

ಸೂಗಪ್ಪ ಹೋಟೆಲಿನ ಮಂದಿಗೆಲ್ಲ ಕೇಳುವಂತೆ ಇದನ್ನು ಹೇಳಿದ್ದು ಸ್ವಂತ ತಮ್ಮ ಬೂದೆಪ್ಪನಿಗೆ. ಬೂದೆಪ್ಪನ ಕೈ ಪೂರಿಯ ಮೇಲೆಯೇ ನಿಂತುಬಿಟ್ಟಿತು. ದೇವದುರ್ಗದ ಮನೆಯಲ್ಲಿ ಇಬ್ಬರೂ ಸಣ್ಣವರಿದ್ದಾಗಿನಿಂದ ಒಂದೇ ತಾಟಿನಲ್ಲಿ ಉಂಡವರು. ಆ ರೂಢಿಯಲ್ಲೇ ಅವನು ಕೈ ಚಾಚಿದ್ದ.

ಅಣ್ಣನಿಗೆ ರಾಯಚೂರಿನ ಆಫೀಸಿನಲ್ಲಿ ನೌಕರಿ ಸಿಕ್ಕು ವರ್ಷವಾಗಿತ್ತು. ಸ್ಟೇಷನ್ ಹತ್ತಿರ ಹೊಸ ಹೋಟೆಲ್ ಆಗ್ಯಾದ, ಬಾ, ಉಣಿಸ್ತೀನಿ ಅಂತ ಅವನೇ ಹೇಳಿ ಕಳಿಸಿದ್ದ. ಅಣ್ಣ ಓದಲಿ ಎಂದು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಹತ್ತಿ ಮಿಲ್ಲು ಸೇರಿದ್ದ ಬೂದೆಪ್ಪ, ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇಟ್ಟುಕೊಂಡೇ ಬಸ್ ಹತ್ತಿದ್ದ. ಇಬ್ಬರೂ ಉಣ್ಣಲು ಕೂತಮೇಲೆ ಅಣ್ಣನ ಆಫೀಸಿನವರಿಬ್ಬರು ಟೆರಿಲಿನ್ ಅಂಗಿ ತೊಟ್ಟು ಬಂದು ಎದುರಿಗೆ ಕೂತಿದ್ದರು.

“ನಿಮ್ಮ ಆಳಿಗೆ ಸಲಿಗಿ ಭಾಳ ಆತ್ರೀ,” ಎಂದು ಅವರಲ್ಲೊಬ್ಬ ನಕ್ಕ.

“ಊರ ಕಡೆಯವ, ತಿಳಿಯಂಗಿಲ್ರೀ,” ಎಂದು ಅಣ್ಣನೂ ನಕ್ಕ.

ತಾಟು ಎತ್ತಿ ಅಣ್ಣನ ಮಾರಿಗೆ ಒಗೆಯಬೇಕೆನಿಸಿತು ಬೂದೆಪ್ಪನಿಗೆ. ಎದ್ದು ಹೊರಗೆ ಬಂದ. ಹಿಂದೆಯೇ ಸೂಗಪ್ಪ ಓಡಿಬಂದ, ಕೈಯಲ್ಲಿ ಕಾಗದದಲ್ಲಿ ಸುತ್ತಿದ ಎರಡು ಪೂರಿ.

“ತಪ್ಪು ತಿಳ್ಕೋಬ್ಯಾಡಲೇ ತಮ್ಮಾ. ನಾವು ಯಾವ ಓಣಿಯವರು ಅಂತ ಗೊತ್ತಾದ್ರ ಅವರು ನನ್ನ ಜೋಡಿ ಉಣ್ಣಂಗಿಲ್ಲ. ಯವ್ವಗ ಏನ್ ಹೇಳ್ತಿ? ಚಲೋ ಉಂಡೆ ಅಂತೀಯಿಲ್ಲೋ?”

ಬೂದೆಪ್ಪ ಪೂರಿ ಮುಟ್ಟಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.