ಇಳಿಜಾರಿನಲ್ಲಿ ಬೀಳದ ಗೇರ್

ಕ್ವಾರಿಯಿಂದ ಜಲ್ಲಿ ಸಾಗಿಸುವ ಆ ಲಾರಿಯ ಗೇರ್ ಬಿಗಿಯಾಗಿ ಮೂರು ವಾರವಾಗಿತ್ತು. ಮೊದಮೊದಲು ಆಗೊಮ್ಮೆ ಈಗೊಮ್ಮೆ ತಕರಾರು ಮಾಡುತ್ತಿತ್ತು. ಆಮೇಲೆ ಇಡೀ ದಿನ ಅದೇ ಗೋಳು. ರಿವರ್ಸ್ ಹಾಕಿದರಂತೂ ಕರಕರ ಸದ್ದು, ಯಾರೋ ಹಲ್ಲು ಕಡಿದ ಹಾಗೆ.

ಡ್ರೈವರ್ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಜೊತೆಯವರು ಅವನನ್ನು ‘ಉಡ’ ಅಂತ ಕರೆಯುತ್ತಿದ್ದರು. ಹಿಡಿದರೆ ಬಿಡುವ ಕೈಯಲ್ಲ ಅದು. ಗೇರ್ ಬೀಳದಿದ್ದರೆ ಭುಜ ಕೊಟ್ಟು ನೂಕುತ್ತಿದ್ದ. ಮನೆಗೆ ಬಂದರೆ ಎಡಗೈಯಲ್ಲಿ ನೀರಿನ ಬಕೆಟ್ ಎತ್ತಲು ಆಗುತ್ತಿರಲಿಲ್ಲ.

“ಯಾರಿಗಾದ್ರೂ ತೋರಿಸಬಾರದೇನ್ರೀ?” ಎಂದು ಹೆಂಡತಿ ಕೇಳಿದಳು.

“ಕೈನಾ?”

“ಕೈ ಅಲ್ಲ, ಗಾಡಿ.”

“ಹಳೇ ಗಾಡಿ ಕಣೇ, ಅದಕ್ಕೂ ಮಂಡಿ ನೋವು. ಸ್ವಲ್ಪ ಗದರಿಸಿದ್ರೆ ಬೀಳುತ್ತೆ.”

ಅವಳು ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂರಿಸುವ ಕೆಲಸದವಳು. ಸಂಜೆ ಕೆಲಸ ಬಿಟ್ಟಮೇಲೆ ಇಳಿಜಾರಿನ ಬುಡದಲ್ಲಿರುವ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಕ್ವಾರಿಯ ಲಾರಿಗಳೆಲ್ಲ ಇಳಿಯುವುದು ಅದೇ ರಸ್ತೆಯಲ್ಲಿ.

ಆ ಶುಕ್ರವಾರ ಸ್ಟಾಪಿನಲ್ಲಿ ನಲವತ್ತು ಜನರಿದ್ದರು. ಮೇಲಿನಿಂದ ಹಾರ್ನ್ ಕೇಳಿಸಿತು. ಬಿಟ್ಟು ಬಿಟ್ಟು ಹೊಡೆಯುವ ಹಾರ್ನ್ ಅಲ್ಲ, ಒತ್ತಿದ ಕೈ ತೆಗೆಯದ ಹಾರ್ನ್. ಎಲ್ಲರೂ ತಲೆಯೆತ್ತಿ ನೋಡಿದರು. ತಿರುವಿನಲ್ಲಿ ತುಂಬಿದ ಲಾರಿಯೊಂದು ಕಾಣಿಸಿತು. ಗೇರಿನಲ್ಲಿ ಇಳಿಯುವ ಲಾರಿಗೆ ಒಂದು ಗುರುಗುಟ್ಟುವ ದನಿ ಇರುತ್ತದೆ. ಇದಕ್ಕೆ ಅದಿರಲಿಲ್ಲ. ಬಂಡೆ ಉರುಳಿದ ಹಾಗೆ ಬರುತ್ತಿತ್ತು. ಮಧ್ಯೆ ಮಧ್ಯೆ ಕರ್ ಎಂಬ ಸದ್ದು. ಒಂದು ಸಲ. ಇನ್ನೊಂದು ಸಲ. ಗೇರ್ ಬೀಳುತ್ತಿಲ್ಲ.

ಗಾಜಿನ ಮೇಲಿನ ಹಸಿರು ಪಟ್ಟಿ ನೋಡಿದೊಡನೆ ಅವಳಿಗೆ ಗುರುತು ಹತ್ತಿತು. ಒಳಗೆ ಗಂಡ ಎಡಕ್ಕೆ ವಾಲಿಕೊಂಡು ಲಿವರಿನ ಜೊತೆ ಗುದ್ದಾಡುತ್ತಿದ್ದ.

ಜನ ದಿಕ್ಕಾಪಾಲಾಗಿ ಓಡಿದರು. ಅವಳ ಕಾಲು ಮಾತ್ರ ನೆಲ ಬಿಡಲಿಲ್ಲ. ಜೊತೆಯಲ್ಲಿ ಹೊಲಿಯುವವಳು ತೋಳು ಹಿಡಿದು ಜಗ್ಗಿದಳು. ಮರುಕ್ಷಣವೇ ಲಾರಿ ಅವಳು ನಿಂತಿದ್ದ ಜಾಗವನ್ನು ಸವರಿಕೊಂಡು ಹೋಯಿತು. ಸ್ಟಾಪಿನ ಕಬ್ಬಿಣದ ಬೆಂಚು ಹಪ್ಪಳದಂತೆ ಮಡಚಿಕೊಂಡಿತು. ಮುಂದೆ ಚರಂಡಿ ಅಗೆದು ಹಾಕಿದ್ದ ಮಣ್ಣಿನ ಗುಡ್ಡೆಗೆ ಮೂತಿ ತೂರಿಸಿ ಲಾರಿ ನಿಂತಿತು. ಬ್ರೇಕ್ ಸುಟ್ಟ ವಾಸನೆ ಗಂಟಲಿಗೆ ಹತ್ತಿತು.

ಯಾರಿಗೂ ಪೆಟ್ಟಾಗಲಿಲ್ಲ. ಗಂಡ ಕೆಳಗಿಳಿದು ನಾಲ್ಕು ಹೆಜ್ಜೆ ನಡೆದದ್ದನ್ನು ಅವಳು ದೂರದಿಂದಲೇ ನೋಡಿದಳು. ಜನ ಅವನನ್ನು ಮುತ್ತಿಕೊಂಡು ಬೈಯುತ್ತಿದ್ದರು. ಹತ್ತಿರ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ಗೆಳತಿ ಅವಳನ್ನು ಬಸ್ಸಿಗೆ ಹತ್ತಿಸಿದಳು.

ರಾತ್ರಿ ಗಂಡ ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ.

“ಯಾಕ್ರೀ ತಡ?”

“ಲೋಡ್ ತಡ ಆಯ್ತು.”

“ಗಾಡಿ ಹೇಗಿದೆ?”

“ಅದಕ್ಕೇನು ಬಂತು? ರಾಜನ ಹಾಗಿದೆ.”

ಅವಳು ಸೌಟು ಕೆಳಗಿಟ್ಟಳು. “ಸ್ಟಾಪಿನಲ್ಲಿ ನೀಲಿ ಸೀರೆ ಉಟ್ಟೋಳು ಒಬ್ಬಳು ಓಡದೆ ನಿಂತಿದ್ದಳಲ್ಲ, ಕಂಡ್ಳಾ?”

ಅವನ ತುತ್ತು ಬಾಯಿಗೆ ಹೋಗಲಿಲ್ಲ. ತಲೆಯೆತ್ತಿ ಅವಳ ಸೀರೆ ನೋಡಿದ.

“ಮುಖ ಕಾಣ್ಲಿಲ್ಲ ಕಣೇ,” ಎಂದ. “ಬರೀ ನೀಲಿ ಕಾಣಿಸ್ತು.”

ತಟ್ಟೆ ಪಕ್ಕಕ್ಕೆ ಸರಿಸಿ ಅವನು ಎದ್ದುಬಿಟ್ಟ.

ಬೆಳಗಾದದ್ದೇ ಅವಳು ಹಿಂದಿನ ಬೀದಿಯ ‘ಡಿಪೋ ಅಕ್ಕ’ನನ್ನು ಕರೆತಂದಳು. ಅಕ್ಕ ಬಸ್ ಡಿಪೋದಲ್ಲಿ ಇಪ್ಪತ್ತು ವರ್ಷದಿಂದ ಮೆಕ್ಯಾನಿಕ್. ಲಾರಿಯನ್ನು ರಾತ್ರಿ ಊಟದ ಹೊತ್ತು ಕಳೆದ ಮೇಲೆ ಮನೆ ಎದುರಿನ ಬಯಲಿಗೆ ಎಳೆಸಿ ತಂದಿದ್ದರು.

“ಬಸ್ಸೇ ಬೇರೆ, ಲಾರೀನೇ ಬೇರೆ ಅಕ್ಕ,” ಎಂದು ಡ್ರೈವರ್ ಗೊಣಗಿದ.

“ಹೌದಪ್ಪಾ, ನಮ್ಮ ಬಸ್ಸಿಗೆ ರೆಕ್ಕೆ ಇದೆ. ಸುಮ್ನೆ ಹತ್ತಿ ಕೂತ್ಕೋ. ಎಂಜಿನ್ ಆಫ್ ಇರಲಿ. ತಂಗೀ, ಚಕ್ರಕ್ಕೆ ಕಲ್ಲು ಕೊಡು. ಹೂಂ, ಈಗ ಕ್ಲಚ್ ತುಳಿದು ಒಂದೊಂದೇ ಗೇರ್ ಹಾಕು.”

ಹಾಕಿದ. ಎಲ್ಲ ಗೇರೂ ಸಲೀಸಾಗಿ ಬಿದ್ದವು. ಅವನಿಗೇ ಆಶ್ಚರ್ಯ.

“ಆಫ್ ಇದ್ದಾಗಲೂ ಬಿಗಿ ಇದ್ದಿದ್ರೆ ಲಿವರಿಗೆ ಸೇರಿದ ರಾಡಿನಲ್ಲೋ ಗೇರ್‌ಬಾಕ್ಸ್ ಒಳಗೋ ದೋಷ ಅಂತಿದ್ದೆ. ಒಂದೇ ಒಂದು ಗೇರ್ ಹಠ ಮಾಡಿದ್ರೆ ಆ ಗೇರಿನ ಭಾಗ ಸವೆದಿದೆ ಅಂತಿದ್ದೆ. ನಿಂದು ಹಾಗಲ್ಲ. ಈಗ ಸ್ಟಾರ್ಟ್ ಮಾಡು. ಕ್ಲಚ್ ಪೂರ್ತಿ ಒತ್ತಿ, ಹತ್ತು ಎಣಿಸಿ, ರಿವರ್ಸ್ ಹಾಕು.”

ಕರ್ರ್ ಎಂದಿತು. ಹೆಂಡತಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

“ಕೇಳಿಸ್ತಾ? ಕ್ಲಚ್ ಪೂರ್ತಿ ಬಿಡ್ತಿಲ್ಲ. ನೀನೇನೋ ತುಳಿದಿದ್ದೀಯ, ಆದ್ರೆ ಎಂಜಿನ್ ಇನ್ನೂ ಗೇರ್‌ಬಾಕ್ಸನ್ನ ತಿರುಗಿಸ್ತಾನೇ ಇದೆ. ತಿರುಗೋ ಹಲ್ಲಿಗೆ ಇನ್ನೊಂದು ಹಲ್ಲು ಹೇಗಪ್ಪಾ ಕೂರುತ್ತೆ? ಪೆಡಲ್‌ನ ನಾಲ್ಕು ಸಲ ಬೇಗ ಬೇಗ ಒತ್ತಿ ಮತ್ತೆ ಹಾಕು.”

ಈ ಸಲ ಸದ್ದಿಲ್ಲದೆ ಬಿತ್ತು.

“ಕ್ಲಚ್ ಎಣ್ಣೆಯ ಪೈಪಿನೊಳಗೆ ಗಾಳಿ ಸೇರಿದೆ. ಗಾಳಿ ಒಳಗೆ ಬಂದಿದೆ ಅಂದ್ರೆ ಎಣ್ಣೆ ಎಲ್ಲೋ ಹೊರಗೆ ಹೋಗ್ತಿದೆ.” ಅಕ್ಕ ಕ್ಲಚ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದಳು. ಎಣ್ಣೆ ಗುರುತಿಗಿಂತ ಕೆಳಗಿತ್ತು, ಕಾಡಿಗೆಯ ಹಾಗೆ ಕಪ್ಪಾಗಿತ್ತು. “ಇದಕ್ಕೆ ಏನು ಹಾಕ್ದೆ?”

ಅವನು ಕತ್ತು ಕೆರೆದುಕೊಂಡ. “ಕಮ್ಮಿ ಆಗಿತ್ತು. ಎಂಜಿನ್ ಆಯಿಲ್ ಸ್ವಲ್ಪ ಉಳಿದಿತ್ತು…”

“ಅಯ್ಯೋ ಮಹಾರಾಯ! ಕ್ಲಚ್ಚಿಗೆ ಅದರದೇ ಎಣ್ಣೆ ಇದೆ. ಡಬ್ಬಿ ಮೇಲೇ ಬರೆದಿರುತ್ತೆ. ಬೇರೆ ಹಾಕಿದ್ರೆ ಒಳಗಿನ ರಬ್ಬರ್ ಉಬ್ಬಿ ಹಾಳಾಗುತ್ತೆ.” ಅಕ್ಕ ಎಂಜಿನ್ ಆಫ್ ಮಾಡಿಸಿ, ಲಾರಿಯ ಅಡಿಗೆ ನುಸುಳಿ ಹೆಂಡತಿಯನ್ನೂ ಕರೆದಳು. ಗೇರ್‌ಬಾಕ್ಸಿನ ಪಕ್ಕದ ಸಣ್ಣ ಸಿಲಿಂಡರ್ ಒದ್ದೆಯಾಗಿತ್ತು. ಬಟ್ಟೆಯಿಂದ ಒರೆಸಿದರು. ಮೇಲೆ ಡ್ರೈವರ್ ಪೆಡಲ್ ಒತ್ತಿದ. ಮತ್ತೆ ಒಂದು ಹನಿ ಮೂಡಿ ಕೆಳಕ್ಕೆ ಬಿತ್ತು.

ಹನಿ ಬಿದ್ದ ಜಾಗವನ್ನು ಹೆಂಡತಿ ಬೆರಳಿನಿಂದ ಮುಟ್ಟಿದಳು. “ಇನ್ನೆಷ್ಟು ದಿನ ತಡೀತಿತ್ತು ಅಕ್ಕ?”

“ನಿನ್ನೇನೇ ತಡೀಲಿಲ್ವಲ್ಲೇ.”

ಅಷ್ಟರಲ್ಲಿ ಡ್ರೈವರನ ಫೋನ್ ಹೊಡೆದುಕೊಂಡಿತು. ಲಾರಿ ಮಾಲೀಕ. ಅವನ ದನಿ ಮೂವರಿಗೂ ಕೇಳುತ್ತಿತ್ತು. “ನಿನ್ನೆ ಯಾರಿಗೂ ಏನೂ ಆಗಿಲ್ವಲ್ಲ. ಜಲ್ಲಿಗೆ ಜನ ಕಾಯ್ತಿದ್ದಾರೆ. ಇವತ್ತೊಂದು ಟ್ರಿಪ್ ಹೊಡಿ, ನಾಳೆ ನೋಡೋಣ.”

ಡ್ರೈವರ್ ಹೆಂಡತಿಯ ಕಡೆ ನೋಡಿದ. ಕೆಲಸ ಹೋಗುವ ಭಯ ಅವನ ಮುಖದಲ್ಲಿ ಕಾಣುತ್ತಿತ್ತು.

“ಆಗಲ್ಲ ಯಜಮಾನ್ರೇ.”

“ಹಾಗಾದ್ರೆ ಬೇರೆ ಡ್ರೈವರ್ ಕಳಿಸ್ತೀನಿ!”

“ಕಳಿಸಿ. ಅವನಿಗೂ ನಾನು ಕೀ ಕೊಡಲ್ಲ.”

ಅರ್ಧ ಗಂಟೆಯಲ್ಲಿ ಮಾಲೀಕನೇ ಸ್ಕೂಟರಿನಲ್ಲಿ ಧುಮುಗುಡುತ್ತಾ ಬಂದ. ಅಕ್ಕ ಏನೂ ವಾದಿಸಲಿಲ್ಲ. ಅವನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿ, “ರಿವರ್ಸ್ ಹಾಕಿ,” ಅಂದಳು. ಕರ್ರ್! ಮಾಲೀಕ ಬಿಸಿ ತಾಗಿದವನಂತೆ ಲಿವರಿನಿಂದ ಕೈ ಕಿತ್ತ. ಆಮೇಲೆ ಮೆಲ್ಲಗೆ ಕೇಳಿದ, “ನಿನ್ನೆ ಆ ಸ್ಟಾಪಿನಲ್ಲಿ ಎಷ್ಟು ಜನ ಇದ್ರು?”

“ನಲವತ್ತು ಜನ,” ಎಂದಳು ಹೆಂಡತಿ. “ನನ್ನನ್ನೂ ಸೇರಿಸಿ.”

ಮಾಲೀಕ ಆ ಮಧ್ಯಾಹ್ನವೇ ಲಾರಿಯನ್ನು ಗ್ಯಾರೇಜಿಗೆ ಎಳೆಸಿದ.

ಪೆಡಲ್ ಹತ್ತಿರದ್ದು, ಗೇರ್‌ಬಾಕ್ಸ್ ಪಕ್ಕದ್ದು, ಹೀಗೆ ಕ್ಲಚ್ಚಿನ ಎರಡೂ ಸಿಲಿಂಡರ್ ಬದಲಾಯಿಸಿದರು. ಪೈಪ್ ತೊಳೆದು, ಸರಿಯಾದ ಎಣ್ಣೆ ಹಾಕಿ, ಗಾಳಿ ತೆಗೆದರು. ಪೆಡಲ್ ಎಷ್ಟು ಸಡಿಲ ಇರಬೇಕೋ ಅಷ್ಟಕ್ಕೆ ಹೊಂದಿಸಿದರು. ಗೇರ್‌ಬಾಕ್ಸಿನ ಎಣ್ಣೆಯೂ ಕಡಿಮೆಯಿತ್ತು, ತುಂಬಿಸಿದರು. ಅದರಲ್ಲಿ ಕಬ್ಬಿಣದ ಚೂರು ಇರಲಿಲ್ಲ. “ಇನ್ನೊಂದು ತಿಂಗಳು ಹೀಗೇ ಗುದ್ದಿದ್ದಿದ್ರೆ ಗೇರ್‌ಬಾಕ್ಸನ್ನೇ ಬಿಚ್ಚಬೇಕಿತ್ತು,” ಎಂದ ಗ್ಯಾರೇಜಿನವನು. ಸುಟ್ಟ ಬ್ರೇಕನ್ನೂ ಬಿಚ್ಚಿ ಸರಿಮಾಡಿದರು.

ಸೋಮವಾರ ಡ್ರೈವರ್ ಸೀಟಿನಲ್ಲಿ ಕೂತು ಕ್ಲಚ್ ಒತ್ತಿದ. ಎರಡೇ ಬೆರಳಿಗೆ ಗೇರ್ ಬಿತ್ತು. ಅವನು ನಗಲಿಲ್ಲ.

“ಇಷ್ಟೇನಾ ಅಕ್ಕ? ಇಷ್ಟಕ್ಕೇ…” ಎಂದವನು ಮುಖ ಆಚೆ ತಿರುಗಿಸಿದ.

“ಇನ್ನೊಂದು ಮಾತು ತಮ್ಮಾ,” ಎಂದಳು ಅಕ್ಕ. “ಗೇರ್ ಇಳಿಸೋದು ಇಳಿಜಾರಿನ ತಲೆಯಲ್ಲಿ, ಇಳಿಯೋಕೆ ಮೊದಲೇ. ನಡುವೆ ಅಲ್ಲ. ನ್ಯೂಟ್ರಲ್ಲಿನಲ್ಲಿ ಯಾವತ್ತೂ ಇಳೀಬೇಡ. ಅಕಸ್ಮಾತ್ ಗೇರ್ ಬೀಳದೇ ಹೋದ್ರೆ ಎಂಜಿನ್ ಆಫ್ ಮಾಡಬೇಡ, ಮಾಡಿದ್ರೆ ಬ್ರೇಕು ಸ್ಟೇರಿಂಗು ಎರಡೂ ಬಿಗಿಯಾಗಿಬಿಡ್ತವೆ. ಲಿವರ್ ಬಿಟ್ಟು ಬ್ರೇಕ್ ಮೇಲೆ ಗಮನ ಇಡು. ಹಾರ್ನ್ ಹೊಡೀತಾ ಜನ ಇಲ್ಲದ ಕಡೆ ತಿರುಗಿಸು.”

ಈಗ ಅವನು ಕ್ವಾರಿಯ ಇಳಿಜಾರಿನ ತಲೆಯಲ್ಲಿ ದಿನವೂ ಲಾರಿ ನಿಲ್ಲಿಸಿ, ಗೇರ್ ಇಳಿಸಿ, ಆಮೇಲೆ ಹೊರಡುತ್ತಾನೆ. ಹಿಂದಿನ ಗಾಡಿಯವರು ಬೈದರೂ ಕೇಳುವುದಿಲ್ಲ. ಹೆಂಡತಿ ಮಾತ್ರ ಇವತ್ತಿಗೂ ಸ್ಟಾಪಿನಲ್ಲಿ ರಸ್ತೆಗೆ ಬೆನ್ನು ಹಾಕಿ ನಿಲ್ಲುವುದಿಲ್ಲ.

ಲಾರಿ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯ ಗೇರ್ ಬಿಗಿಯಾಗಿದೆಯೇ? ತೋಳಿನ ಬಲ ತೋರಿಸಬೇಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ ಗೇರ್ ಹಾಕಿ ನೋಡಿ. ಕ್ಲಚ್ ಎಣ್ಣೆಯ ಮಟ್ಟ ನೋಡಿ. ಅಡಿಯಲ್ಲಿ ಹನಿ ಬೀಳುತ್ತಿದೆಯೇ ಬಗ್ಗಿ ನೋಡಿ. ಏನೇ ಅನುಮಾನ ಬಂದರೂ ಲೋಡ್ ಹೊರುವ ಮೊದಲು ಮೆಕ್ಯಾನಿಕ್ಕಿಗೆ ತೋರಿಸಿ. ಮಾಲೀಕರೇ, ನಿಮ್ಮ ಡ್ರೈವರ್ ‘ಆಗಲ್ಲ’ ಎಂದ ದಿನ ಸಿಟ್ಟಾಗಬೇಡಿ, ಬಂದು ನೀವೇ ಗೇರ್ ಹಾಕಿ ನೋಡಿ.

ಇಳಿಜಾರಿನ ಬುಡದಲ್ಲಿ ಯಾರು ನಿಂತಿದ್ದಾರೆ ಎಂಬುದು ಮೇಲಿನಿಂದ ಕಾಣುವುದಿಲ್ಲ. ಹೊರಡುವ ಮೊದಲು ಇವತ್ತೇ ಪರೀಕ್ಷಿಸಿ.