ಮೇಜಿನ ಕೆಳಗೆ ಮೇಜರ್

ಪೋರ್ಟ್ ಮದ್ಯದ ಗಾಜಿನ ಹೂಜಿ ಬ್ರಿಗೇಡಿಯರ್ ಲಾಫ್ಟಸ್ ಅವರ ಮುಂದೆ ಬಂದು ನಿಂತುಬಿಟ್ಟಿತ್ತು. ನಿವೃತ್ತಿಯಾಗಿ ಎಷ್ಟೋ ಕಾಲವಾದ ಆ ಮುದುಕರು ಗದ್ದವನ್ನು ಎದೆಗೆ ಊರಿ ಹಾಯಾಗಿ ನಿದ್ದೆ ಹೋಗಿದ್ದರು. ಮೇಜಿನ ಆ ತುದಿಯಲ್ಲಿ ಮೇಜರ್ ಡೆನ್ಜಿಲ್ ಹಾರ್ಗ್ರೀವ್ ಹೂಜಿಯನ್ನೇ ದುರುಗುಟ್ಟಿ ನೋಡುತ್ತ, ಕಾಲಿಗೆ ಕಾಲು ಹೆಣೆದು ಕೂತಿದ್ದ. ಅವನಿಗೆ ಮೂತ್ರಕ್ಕೆ ಅವಸರವಾಗಿತ್ತು. ಅಂಥಿಂಥ ಅವಸರವಲ್ಲ.

ಅವನದೇ ಬೀಳ್ಕೊಡುಗೆಯ ಊಟ. ರಾಣಿಯವರ ಹೆಸರಲ್ಲಿ ಲೋಟ ಎತ್ತುವ ತನಕ ಯಾರೂ ಕುರ್ಚಿ ಬಿಟ್ಟು ಏಳುವಂತಿಲ್ಲ ಎಂಬುದು ಮೆಸ್ಸಿನ ಕಟ್ಟಳೆ. ಲೋಟ ಎತ್ತಬೇಕಾದರೆ ಹೂಜಿ ಎಡಕ್ಕೆ ಎಡಕ್ಕೆ ಸಾಗಿ ಇಡೀ ಮೇಜು ಸುತ್ತಿ ಬರಬೇಕು. ಅದನ್ನು ಬಾಯಿಬಿಟ್ಟು ಕೇಳಬಾರದು, ಕೈಚಾಚಿ ಎಳೆದುಕೊಳ್ಳಬಾರದು. ಹಿರಿಯರನ್ನು ಎಬ್ಬಿಸುವುದಂತೂ ಕನಸಿನ ಮಾತು. ಇದನ್ನೆಲ್ಲ ಹೊಸಬರ ತಲೆಗೆ ತುಂಬುತ್ತ ಬಂದವನು ಹಾರ್ಗ್ರೀವನೇ. ಹಿಂದೊಮ್ಮೆ ಊಟದ ನಡುವೆ ಎದ್ದುಹೋದ ಲೆಫ್ಟಿನೆಂಟ್ ಒಬ್ಬನಿಗೆ ಚಳಿಗಾಲವಿಡೀ ಭಾನುವಾರದ ಕಾವಲು ಹಾಕಿದ್ದ. ಆ ಲೆಫ್ಟಿನೆಂಟೇ ಈಗ ಕರ್ನಲ್ ಪಿಮ್, ರೆಜಿಮೆಂಟಿನ ಯಜಮಾನ. ಕೂತಿರುವುದೂ ಪಕ್ಕದ ಕುರ್ಚಿಯಲ್ಲೇ.

"ಯಾಕೋ ಬೆವರ್ತಿದೀರಲ್ಲ ಮೇಜರ್," ಎಂದ ಪಿಮ್. "ಸ್ವಲ್ಪ ನೀರು ಕುಡೀತೀರಾ?"

"ಬೇಡ ಸರ್."

"ಹುಡುಗ್ರಿಗೆ ನಿಮ್ಮನ್ನೇ ತೋರಿಸ್ತೀನಿ. ಶಿಸ್ತು ಅಂದ್ರೆ ಇದು ಕಣ್ರೋ, ಅಂತ." ಹೇಳುತ್ತಲೇ ಪಿಮ್ ತನ್ನ ಲೋಟಕ್ಕೆ ನೀರನ್ನು ಎತ್ತರದಿಂದ, ನಿಧಾನವಾಗಿ, ಸದ್ದಾಗುವಂತೆ ಸುರಿದುಕೊಂಡ.

ಬೆಲ್‌ಫಾಸ್ಟಿನಲ್ಲಿ ಕಲ್ಲೇಟು ತಿಂದವನು ಹಾರ್ಗ್ರೀವ್. ಏಡನ್ನಿನಲ್ಲಿ ಗುಂಡಿಗೆ ಎದೆಯೊಡ್ಡಿದವನು. ಎಲ್ಲೂ ಇಂಥ ಇಕ್ಕಟ್ಟಿಗೆ ಸಿಕ್ಕಿರಲಿಲ್ಲ. ಇಷ್ಟು ವರ್ಷದ ಸೇವೆ ಮುಗಿಸಿ ಹೋದವನನ್ನು ಜನ ನೆನೆಯುವುದು ಒದ್ದೆ ಪ್ಯಾಂಟಿನಿಂದ ಎಂದರೆ?

ಎಳೆಯ ಅಧಿಕಾರಿಗಳು ಮೇಜಿನ ಕೆಳಗೆ ತೆವಳಿ ಪಾರಾಗುವ ವಿದ್ಯೆ ಅವನಿಗೆ ಗೊತ್ತಿಲ್ಲದ್ದೇನಲ್ಲ. ಎಷ್ಟೋ ಜನರನ್ನು ಕಾಲು ಹಿಡಿದು ಹೊರಗೆಳೆದಿದ್ದ. ಈಗ ಕೈವಸ್ತ್ರ ಬೀಳಿಸಿದ, ಹೆಕ್ಕಲು ಬಗ್ಗಿದ, ಮತ್ತೆ ಮೇಲೆ ಬರಲಿಲ್ಲ.

ಕೆಳಗೆ ಕತ್ತಲು, ಪಾಲಿಶಿನ ವಾಸನೆ. ಹೊಳೆಯುವ ಬೂಟುಗಳ ಸಾಲುಗಳ ನಡುವೆ ಮಂಡಿಯೂರಿ ಬಾಗಿಲ ಕಡೆ ಹೊರಟ. ಅರ್ಧ ದಾರಿಯಲ್ಲಿ ಬೂಟು ಕಳಚಿಟ್ಟ ಎರಡು ಪಾದ ಚಾಚಿಕೊಂಡಿದ್ದವು: ಬ್ರಿಗೇಡಿಯರ್ ಸಾಹೇಬರವು. ಅವುಗಳ ಮೇಲಿಂದ ದಾಟುವಾಗ ಎದೆಯ ಪದಕವೊಂದು ಅವರ ಉಣ್ಣೆ ಕಾಲ್ಚೀಲಕ್ಕೆ ಸಿಕ್ಕಿಕೊಂಡಿತು. ಬಿಡಿಸಲು ಎಳೆದ. ಮೇಲೆ ಒಂದು ಗೊರಕೆ ತುಂಡಾಯಿತು.

"ಹಾಂ, ಹಾಂ, ನಾನೇನ್ ಮಲಗಿರ್ಲಿಲ್ಲ," ಎಂದರು ಬ್ರಿಗೇಡಿಯರ್. ಹೂಜಿ ಎಡಕ್ಕೆ ಜಾರಿದ ಸದ್ದು. ಇಷ್ಟು ಹೊತ್ತು ಕಾದವರ ಕೈಯಲ್ಲಿ ಅದು ಕುದುರೆಯಂತೆ ಓಡಿತು. ಹಾರ್ಗ್ರೀವ್ ಇನ್ನೂ ಕಾಲ್ಚೀಲದ ಜೊತೆ ಗುದ್ದಾಡುತ್ತಲೇ ಇದ್ದ.

ಮೇಲೆ ಮಾತೆಲ್ಲ ನಿಂತಿತು. ಖಾಲಿ ಕುರ್ಚಿ ಎಲ್ಲರಿಗೂ ಕಾಣುತ್ತಿರಬೇಕು. ಅವನು ಕಣ್ಣು ಮುಚ್ಚಿದ.

"ಒಬ್ರಿಗೆ ಇನ್ನೂ ಸಿಕ್ಕಿಲ್ಲ," ಎಂದಿತು ಪಿಮ್‌ನ ದನಿ. "ಎಡಕ್ಕೆ ಸಾಗಿಸಿ."

ಮೇಜಿನ ಬಿಳಿ ಬಟ್ಟೆಯ ಕೆಳಗೆ, ಮಂಡಿಯಿಂದ ಮಂಡಿಗೆ, ಕೈಯಿಂದ ಕೈಗೆ ದಾಟುತ್ತ ಲೋಟವೊಂದು ಅವನ ಕಡೆ ಬಂತು. ಅಂಚಿನ ತನಕ ತುಂಬಿತ್ತು.

ಕುರ್ಚಿಗಳು ಸರಿದವು. ಬೂಟುಗಳೆಲ್ಲ ಒಟ್ಟಿಗೆ ಹಿಮ್ಮಡಿ ಜೋಡಿಸಿ ನಿಂತವು.

"ರಾಣಿಯವರಿಗೆ!"

ಕಾಲ್ಚೀಲಕ್ಕೆ ಸಿಕ್ಕಿಕೊಂಡೇ ಹಾರ್ಗ್ರೀವ್ ಮಂಡಿಯ ಮೇಲೆ ಸೆಟೆದು ನಿಂತ. ನೆತ್ತಿ ಹಲಗೆಗೆ ತಾಗಿತು. ಆ ಹಲಗೆ ಬಿಟ್ಟಷ್ಟು ಎತ್ತರಕ್ಕೆ, ಒಂದು ಹನಿಯೂ ಚೆಲ್ಲದಂತೆ, ಲೋಟ ಎತ್ತಿದ.