ಔಷಧಿಗೆ ಎಂಜಲಿಲ್ಲ

ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಥ್ಯಾಂಕ್ಸ್ ಹೇಳುವುದಿಲ್ಲ. ಕಾಫಿ ಕೊಟ್ಟರೆ ಕುಡಿದು ಲೋಟ ಕೆಳಗಿಡುತ್ತಾರೆ, ಮುಗಿಯಿತು. ಉಡುಪಿ ಕಡೆ ನಾನು ಕಂಡವರೆಲ್ಲ ಹಾಗೆಯೇ. ಅದರಿಂದ ಯಾರಿಗಾದರೂ ತೊಂದರೆಯಾದದ್ದನ್ನು ನಾನು ನೋಡಿರಲಿಲ್ಲ, ಸಿಡ್ನಿಯ ಲಿವರ್‌ಪೂಲಿಗೆ ಬಂದು ನೆಲಿದಾಳ ಮೆಟ್ಟಿಲ ಮೇಲೆ ಕೂರುವವರೆಗೆ.

ನೆಲಿದಾ ನಮ್ಮ ಕೆಳಗಿನ ಯೂನಿಟ್ಟಿನವಳು. ಉರುಗ್ವೆ ದೇಶದಿಂದ ಮದುವೆಯಾದ ಹೊಸದರಲ್ಲಿ ಸಿಡ್ನಿಗೆ ಬಂದವಳು ಈಗ ಅಜ್ಜಿಯಾಗಿದ್ದಾಳೆ. ಇಷ್ಟು ವರ್ಷವಾದರೂ ಅವಳ ಇಂಗ್ಲಿಷ್ ಅರ್ಧ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನನ್ನದೂ ಅರ್ಧ. ಎರಡು ಅರ್ಧ ಸೇರಿ ನಮಗೆ ಸಾಕಾಗುತ್ತಿತ್ತು. ನನ್ನ ಗಂಡ ಪ್ರೀತಮ್ ಬೆಳಿಗ್ಗೆ ವೆಸ್ಟ್‌ಮೀಡ್ ಆಸ್ಪತ್ರೆಗೆ ಎಕ್ಸ್‌ರೇ ಕೆಲಸಕ್ಕೆ ಹೊರಟ ಮೇಲೆ ನಾನು ಬಟ್ಟೆ ಒಣಗಿಸಲು ಹಿತ್ತಿಲಿಗೆ ಇಳಿಯುತ್ತಿದ್ದೆ. ಅವಳು ಮೆಟ್ಟಿಲ ಮೇಲೆ ಕೂತು ಮಾತೆ ಕುಡಿಯುತ್ತಿದ್ದಳು.

ಮಾತೆ ಎಂದರೆ ಅವರ ಕಡೆಯ ಕಹಿ ಸೊಪ್ಪಿನ ಕಷಾಯ. ಮುಷ್ಟಿಗಾತ್ರದ ಒಣಗಿದ ಸೋರೆಬುರುಡೆಯ ತುಂಬ ಸೊಪ್ಪಿನ ಪುಡಿ, ಅದಕ್ಕೆ ಫ್ಲಾಸ್ಕಿನಿಂದ ಬಿಸಿನೀರು, ಹೀರಲು ಒಂದು ಸ್ಟೀಲಿನ ಕೊಳವೆ. ಎಷ್ಟು ಜನ ಕೂತಿದ್ದರೂ ಒಂದೇ ಬುರುಡೆ, ಒಂದೇ ಕೊಳವೆ. ಮೊದಲು ನೆಲಿದಾ ಹೀರುತ್ತಾಳೆ. ಆಮೇಲೆ ನೀರು ತುಂಬಿಸಿ ಪಕ್ಕದವರಿಗೆ ಕೊಡುತ್ತಾಳೆ. ಅವರು ಮುಗಿಸಿ ವಾಪಸು ಕೊಟ್ಟರೆ ಮತ್ತೆ ನೀರು ತುಂಬಿಸಿ ಮುಂದಿನವರಿಗೆ. ನಡುವೆ ತೊಳೆಯುವುದಿಲ್ಲ. ಕೊಳವೆಯ ತುದಿ ಒರೆಸಿದರೆ ಅವಳಿಗೆ ಬೇಜಾರಾಗುತ್ತದೆ.

ಮೊದಲ ದಿನ ಆ ಕೊಳವೆ ನನಗೆ ಎಂಜಲೆನಿಸಿತು. ಆದರೆ ಬೇಡ ಎನ್ನಲು ನಾಚಿಕೆ. ಕಣ್ಣು ಮುಚ್ಚಿ ಹೀರಿದೆ, ಬುರುಡೆ ವಾಪಸು ಕೊಟ್ಟೆ. ಮತ್ತೆ ತುಂಬಿಸಿ ಕೊಟ್ಟಳು. ಮತ್ತೆ ಕುಡಿದೆ. ಮತ್ತೆ ಕೊಟ್ಟಳು. ಹೊಟ್ಟೆ ಕೊಡಪಾನವಾಗುವ ಹೊತ್ತಿಗೆ ಅವಳ ಮಗಳು ರೊಸಾನಾ ಒಳಗಿನಿಂದ ಬಂದು, ನನ್ನ ಮುಖ ನೋಡಿ, ಬಿದ್ದು ಬಿದ್ದು ನಕ್ಕಳು. ಸಾಕಾದರೆ ಬುರುಡೆ ಕೊಡುವಾಗ ಥ್ಯಾಂಕ್ಯೂ ಹೇಳಬೇಕಂತೆ. ಥ್ಯಾಂಕ್ಯೂ ಎಂದರೆ ನನಗಿನ್ನು ಬೇಡ ಎಂದು. ಸುಮ್ಮನಿದ್ದರೆ ಇನ್ನೂ ಬೇಕು ಎಂದು.

ಆ ನಿಯಮ ನನಗೆ ಬಹಳ ಹಿಡಿಸಿತು. ಹುಟ್ಟಿದಾಗಿನಿಂದ ನಾನು ಸುಮ್ಮನಿದ್ದವಳೇ. ಸುಮ್ಮನಿದ್ದವರಿಗೆ ಇನ್ನಷ್ಟು ಸಿಗುವ ಜಾಗವನ್ನು ಅದೇ ಮೊದಲು ನೋಡಿದ್ದು.

ರೊಸಾನಾಳಿಗೆ ಸ್ಟೇಷನ್ ಹತ್ತಿರ ಒಂದು ಪುಟ್ಟ ಬೇಕರಿಯಿತ್ತು. ಹಾಲು ಬತ್ತಿಸಿ ಮಾಡಿದ ಕಂದು ಹೂರಣವನ್ನು ನಡುವೆ ಹಚ್ಚಿದ ಜೋಡಿ ಬಿಸ್ಕತ್ತು ಅಲ್ಲಿಯ ವಿಶೇಷ. ಒಂದು ದಿನ ಅವಳು ನನ್ನನ್ನು ಬೆಳಗಿನ ಕೆಲಸಕ್ಕೆ ಕರೆದಳು.

“ನಿನ್ನಂಥವಳೇ ಬೇಕು, ಜಲಜಾ. ಹಿಂದಿದ್ದವಳು ಮಾತಾಡುತ್ತಾ ಮಾತಾಡುತ್ತಾ ಟ್ರೇಗಟ್ಟಲೆ ಕರಟಿಸಿದಳು,” ಎಂದಳು.

ನನ್ನನ್ನು ಅಲ್ಲಿಯವರೆಗೆ ಯಾರೂ ಯಾವುದಕ್ಕೂ ಕರೆದಿರಲಿಲ್ಲ. ಮದುವೆಗೆ ಕೇಳಲು ಬಂದದ್ದೂ ನನ್ನ ಅಕ್ಕನನ್ನು. ಅವಳಿಗೆ ಬೇರೆ ಕಡೆ ನಿಶ್ಚಯವಾಗಿತ್ತೆಂದು ನನ್ನನ್ನು ತೋರಿಸಿದರು. ಆ ಬೇಕರಿಯ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದರೆ, ಅದನ್ನು ಪ್ರೀತಮ್‌ಗೆ ಹೇಳುವ ಮೊದಲು ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿದೆ.

“ಅಮ್ಮ ಬರ್ತಾಳಲ್ಲ, ಅವಳು ಹೂಂ ಅಂದ್ರೆ ನಂದೇನೂ ಅಡ್ಡಿ ಇಲ್ಲ ಮಾರಾಯ್ತಿ,” ಎಂದರು ಪ್ರೀತಮ್.

ನನ್ನ ಗಂಡ ಯಾವುದಕ್ಕೂ ಬೇಡ ಎನ್ನುವವರಲ್ಲ. ಅದಕ್ಕೆಲ್ಲ ಅವರ ಅಮ್ಮ ಇದ್ದಾರೆ.

ಅವರ ಅಮ್ಮ ಪ್ರೇಮಾವತಿ. ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುತ್ತೇವೆ. ಮಾಮಿಗೆ ಎಂಜಲೆಂದರೆ ಬೆಂಕಿ. ಲೋಟಕ್ಕೆ ತುಟಿ ತಾಗಿಸದೆ ಎತ್ತಿ ಕುಡಿಯುವವರು. ಊರಿನಿಂದ ಬರುವಾಗ ವಿಮಾನದಲ್ಲಿ ಯಾರು ಕುಡಿದ ಲೋಟವೋ ಎಂದು ಹನಿ ನೀರು ಮುಟ್ಟದೆ ಬಂದಿದ್ದರು. ಚೀಲದಲ್ಲಿ ತಮ್ಮದೇ ಸ್ಟೀಲ್ ಲೋಟ ತಂದಿದ್ದರು, ಒಂದು ಡಬ್ಬಿ ಕಷಾಯದ ಪುಡಿಯನ್ನೂ ತಂದಿದ್ದರು. ಲೋಟ ಮನೆಗೆ ಬಂತು. ಪುಡಿಯಲ್ಲಿ ಬೀಜ ಬೇರು ಇದೆಯೆಂದು ಏರ್‌ಪೋರ್ಟಿನ ತಪಾಸಣೆಯವರು ಡಬ್ಬಿಯನ್ನು ತೊಟ್ಟಿಗೆ ಹಾಕಿದರು.

ಕಷಾಯವಿಲ್ಲದೆ ಮಾಮಿಯ ಹೊಟ್ಟೆ ಮುಷ್ಕರ ಹೂಡಿತು. ಬೆಳಿಗ್ಗೆ ಬಚ್ಚಲಿಗೆ ಹೋದವರು ಹೋದ ಮುಖದಲ್ಲೇ ಹೊರಗೆ ಬರುತ್ತಿದ್ದರು. ಅಂಥ ಹೊತ್ತಿನಲ್ಲೇ ಪ್ರೀತಮ್ ಬೇಕರಿಯ ಮಾತು ತೆಗೆದರು.

“ಬೇಕರಿಯಾ?” ಎಂದರು ಮಾಮಿ. “ಕೆಳಗಿನವರದ್ದಾ? ನಿನ್ನೆ ನೋಡಿದೆ ನಾನು ಕಿಟಕಿಯಿಂದ. ಒಂದೇ ನಳಿಗೆ ಎಲ್ಲರೂ ಬಾಯಿ ಹಾಕುವುದು! ಎಂಜಲು ಮುಸುರೆ ಗೊತ್ತಿಲ್ಲದವರ ಹತ್ತಿರ ಎಂಥ ಕೆಲಸ? ಬೇಡ.”

ಮೆಲ್ಬರ್ನಿನಿಂದ ಫೋನಿನಲ್ಲಿ ವಿಜೇತಕ್ಕನೂ ಸೇರಿಕೊಂಡರು. ವಿಜೇತಕ್ಕ ಪ್ರೀತಮ್‌ರ ಅಕ್ಕ, ಅಕೌಂಟೆಂಟ್. ಈಸ್ಟರ್ ರಜೆಗೆ ಬಂದು ಅಮ್ಮನನ್ನು ಕರೆದುಕೊಂಡು ಹೋಗುವವರಿದ್ದರು. “ಬೇಕರಿಯಲ್ಲಿ ನನ್ನ ತಮ್ಮನ ಹೆಂಡ್ತಿ? ನಮ್ಮೂರವರ ಸಂಘದಲ್ಲಿ ನಾನು ಮುಖ ಎತ್ತೋದು ಹೇಗೆ?” ಎಂದರು. ಅತ್ತ ರೊಸಾನಾ, ಈಸ್ಟರ್ ಮುಗಿಯುವುದರೊಳಗೆ ಹೇಳದಿದ್ದರೆ ಬೇರೆಯವಳನ್ನು ನೋಡುತ್ತೇನೆ ಎಂದಳು.

ಮಾತಾಡದವರಿಗೆ ಯೋಚಿಸಲು ಬಿಡುವು ಜಾಸ್ತಿ.

ಮರುದಿನ ನೆಲಿದಾಳಿಂದ ಒಂದು ಹಿಡಿ ಸೊಪ್ಪು ತಂದು, ಕುದಿಸಿ ಸೋಸಿ, ಬೆಲ್ಲ ಹಾಲು ಹಾಕಿ, ಮಾಮಿಯ ಸ್ವಂತ ಲೋಟದಲ್ಲೇ ಕೊಟ್ಟೆ.

“ಎಂತ ಇದು?”

“ಕಷಾಯ, ಮಾಮಿ. ಇಲ್ಲಿಯ ಸೊಪ್ಪು.”

“ಹೆಸರೆಂತ?”

“ಮಾತೆ.”

“ಹೆಸರು ಒಳ್ಳೆಯದುಂಟು,” ಎಂದು ಮಾಮಿ ಲೋಟ ಎತ್ತಿ ಗಟಗಟ ಕುಡಿದರು.

ಸ್ವಲ್ಪ ಹೊತ್ತಿನಲ್ಲಿ ಅವಸರದಿಂದ ಬಚ್ಚಲಿಗೆ ಹೋದರು. ಹೊರಗೆ ಬಂದಾಗ ಗರ್ಭಗುಡಿಯಿಂದ ಬಂದವರ ಮುಖ. ಅಂದು ಊಟಕ್ಕೆ ಎರಡು ಸಲ ಅನ್ನ ಹಾಕಿಸಿಕೊಂಡರು. ಮರುದಿನ ನಾನು ಏಳುವ ಮೊದಲೇ ಲೋಟ ಹಿಡಿದು ಒಲೆಯ ಮುಂದೆ ನಿಂತಿದ್ದರು.

ಕೆಲವು ದಿನ ಕಳೆದ ಮೇಲೆ ನಾನು ಸೊಪ್ಪು ಕಡಿಮೆ ಹಾಕತೊಡಗಿದೆ.

“ಇವತ್ತಿನದ್ದು ಸಪ್ಪೆ,” ಎಂದರು ಮಾಮಿ.

“ನನಗೆ ಹದ ಗೊತ್ತಾಗುವುದಿಲ್ಲ ಮಾಮಿ. ಕೆಳಗಿನ ನೆಲಿದಾ ಮಾಡಿದ್ದರಲ್ಲೇ ಸತ್ವ ಇರುವುದು.”

ಮಾಮಿ ಲೋಟ ತೊಳೆದಿಟ್ಟರು. ಮಧ್ಯಾಹ್ನ ನಾನು ಬಟ್ಟೆ ಬುಟ್ಟಿ ಎತ್ತಿಕೊಂಡಾಗ, “ಬಿಸಿಲು ಕಾಯಿಸಿ ಬರ್ತೇನೆ,” ಎಂದು ಅವರೂ ಇಳಿದರು, ಸೀರೆಯ ಸೆರಗಿನೊಳಗೆ ಲೋಟ ಹಿಡಿದುಕೊಂಡು.

ನಮ್ಮ ಹಿತ್ತಿಲಿನಲ್ಲಿ ಕೊಡೆಯಂತೆ ಬಿಚ್ಚಿಕೊಂಡು ಸುತ್ತುವ ಬಟ್ಟೆಹಗ್ಗ ಇದೆ. ನಾನು ಅದಕ್ಕೆ ದೊಡ್ಡ ಬೆಡ್‌ಶೀಟ್ ಹಾಕಿ ಅದರ ಹಿಂದೆ ಮರೆಯಾಗಿ, ಅಂಚಿನಿಂದ ಇಣುಕುತ್ತಾ ನಿಂತೆ. ಮಾಮಿ ನೆಲಿದಾಳ ಪಕ್ಕ ಕೂತು ಲೋಟ ಚಾಚಿದರು. ನೆಲಿದಾಳಿಗೆ ಲೋಟ ಯಾಕೆಂದು ಅರ್ಥವಾಗಲಿಲ್ಲ. ಅದನ್ನು ಪ್ರೀತಿಯಿಂದ ತೆಗೆದು ಪಕ್ಕಕ್ಕಿಟ್ಟಳು. ಬುರುಡೆಗೆ ನೀರು ತುಂಬಿಸಿ ತಾನೊಮ್ಮೆ ಜೋರಾಗಿ ಹೀರಿ ಮುಗಿಸಿದಳು. ಮತ್ತೆ ತುಂಬಿಸಿ ಮಾಮಿಯ ಕೈಗಿಟ್ಟಳು.

ಮಾಮಿ ಕೊಳವೆಯ ತುದಿ ನೋಡಿದರು. ಮೇಲೆ ನಮ್ಮ ಕಿಟಕಿ ನೋಡಿದರು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ನಾನು ತಲೆ ಒಳಗೆಳೆದುಕೊಂಡು ಹಗ್ಗವನ್ನು ಮೆಲ್ಲನೆ ಸುತ್ತಿಸಿದೆ. ಬೆಡ್‌ಶೀಟ್ ಜರುಗಿ ಒಂದು ಸಂದಿಯಾಯಿತು. ಅದರಲ್ಲಿ ಕಂಡಿತು: ಮಾಮಿ ಕಣ್ಣು ಮುಚ್ಚಿ, “ರಾಮಾ,” ಎಂದು ಕೊಳವೆಗೆ ಬಾಯಿಟ್ಟರು.

ಮುಗಿಸಿ ಬುರುಡೆ ವಾಪಸು ಕೊಟ್ಟರು. ಥ್ಯಾಂಕ್ಯೂ ಹೇಳಲಿಲ್ಲ. ಮಾಮಿ ಜನ್ಮದಲ್ಲಿ ಯಾರಿಗೂ ಥ್ಯಾಂಕ್ಯೂ ಹೇಳಿದವರಲ್ಲ. ನೆಲಿದಾ ಸಂತೋಷದಿಂದ ಮತ್ತೆ ತುಂಬಿಸಿದಳು. ಮಾಮಿ ಕುಡಿದರು. ಮತ್ತೆ ತುಂಬಿಸಿದಳು. ಮಾಮಿ ಕೈ ಅಡ್ಡ ಹಿಡಿದು, “ಸಾಕು, ಸಾಕು,” ಎಂದರು. ನೆಲಿದಾ ಆ ಕೈಯನ್ನೇ ಹಿಡಿದು ಬುರುಡೆ ಇಟ್ಟಳು. ನಮ್ಮೂರಿನಲ್ಲೂ ಅಷ್ಟೇ, ಸಾಕು ಎಂದವರ ಎಲೆಗೇ ಇನ್ನೊಂದು ಸೌಟು ಬೀಳುವುದು. ಮಾಮಿಗೆ ಆ ಒತ್ತಾಯ ಅರ್ಥವಾಯಿತು, ಮರ್ಯಾದೆಯೆಂದು ಕುಡಿದರು. ನನಗೆ ಅವರನ್ನು ಬಿಡಿಸುವ ಒಂದು ಶಬ್ದ ಗೊತ್ತಿತ್ತು. ನಾನು ಆಗಲೇ ಒಣಗಿದ್ದ ಲಂಗವನ್ನು ಮತ್ತೊಮ್ಮೆ ಕೊಡವಿ ಹಗ್ಗಕ್ಕೆ ಹಾಕಿದೆ. ಫ್ಲಾಸ್ಕ್ ಖಾಲಿಯಾದ ಮೇಲೆಯೇ ಮಾಮಿಗೆ ಬಿಡುಗಡೆಯಾದದ್ದು.

ಮಾತೆಯಲ್ಲಿ ಕಾಫಿಯಂತೆಯೇ ಏನೋ ಇದೆ, ನಿದ್ದೆ ಓಡಿಸುತ್ತದೆ. ಆ ಸಂಜೆ ಮಾಮಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದರು, ಪರದೆ ಬಿಚ್ಚಿ ಒಗೆದರು. ಪ್ರೀತಮ್ ಬಂದು, “ಅಮ್ಮನಿಗೆ ಸಿಡ್ನಿ ಹವೆ ಒಗ್ಗಿತು,” ಎಂದರು.

ಮಾಮಿ ಮರುದಿನವೂ ಬಿಸಿಲು ಕಾಯಿಸಲು ಇಳಿದರು. ಅದರ ಮರುದಿನ ಮೋಡವಿತ್ತು, ಆದರೂ ಇಳಿದರು. ಲೋಟ ಮಾತ್ರ ಮೇಲೆಯೇ ಉಳಿಯಿತು.

ಈಸ್ಟರ್ ಹತ್ತಿರ ಬಂದಾಗ ನನ್ನನ್ನು ಕೇಳಿದರು, “ಈ ಸೊಪ್ಪು ಮೆಲ್ಬರ್ನಿನಲ್ಲಿ ಸಿಗ್ತದಾ?”

“ಗೊತ್ತಿಲ್ಲ ಮಾಮಿ. ರೊಸಾನಾಳ ಬೇಕರಿಗೆ ಅವರ ದೇಶದಿಂದ ಬರುವುದು. ಅಲ್ಲಿ ಕೆಲಸದವರಿಗಾದರೆ ಕೊಡುತ್ತಾರೋ ಏನೋ.”

ಇದು ಸುಳ್ಳು. ಪಕ್ಕದ ಫೇರ್‌ಫೀಲ್ಡಿನ ಅಂಗಡಿಗಳಲ್ಲಿ ಆ ಪ್ಯಾಕೆಟ್ಟುಗಳನ್ನು ನಮ್ಮಲ್ಲಿ ಅಕ್ಕಿಮೂಟೆ ಜೋಡಿಸಿದ ಹಾಗೆ ಜೋಡಿಸಿರುತ್ತಾರೆ. ಮಾಮಿ ಹುಬ್ಬು ಗಂಟಿಕ್ಕಿ, “ಹೌದಾ,” ಎಂದರು. ಅಷ್ಟೇ.

ಶನಿವಾರ ವಿಜೇತಕ್ಕ ಬಂದರು. ಮಾಮಿ ನಾಳೆ ಹೋಗುತ್ತಾರೆ, ಬಂದು ಹೋಗು ಎಂದು ನಾನೇ ನೆಲಿದಾಳಿಗೆ ಹೇಳಿ ಬಂದಿದ್ದೆ. ಅವಳು ಕಂಕುಳಲ್ಲಿ ಫ್ಲಾಸ್ಕ್, ಕೈಯಲ್ಲಿ ಬುರುಡೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಸೋಫಾದಲ್ಲಿ ಮಾಮಿಯ ಪಕ್ಕ ಕೂತು ತಾನು ಹೀರಿದಳು, ತುಂಬಿಸಿದಳು, ಮಾಮಿಗೆ ಚಾಚಿದಳು. ಮಾಮಿಯ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು.

“ಅಮ್ಮಾ!” ವಿಜೇತಕ್ಕ ಕಿರುಚಿದರು. “ಆ ಸ್ಟ್ರಾದಲ್ಲಿ ಅವರು ಈಗಷ್ಟೇ ಕುಡಿದ್ರು! ನನ್ನ ಮಗ ಕುಡಿದ ಬಾಟಲ್ ಮುಟ್ಟಲ್ಲ ನೀನು!”

ಬುರುಡೆ ಮಾಮಿಯ ಕೈಯಲ್ಲಿ ಹೊಗೆಯಾಡುತ್ತಿತ್ತು. ನೆಲಿದಾ ನಗುತ್ತಾ ಕಾಯುತ್ತಿದ್ದಳು. ಮಾಮಿ ನನ್ನನ್ನು ನೋಡಿದರು. ನಾನು ನನ್ನ ಕಾಲುಂಗುರ ನೋಡಿದೆ. ಇಲ್ಲಿ ಮಾಮಿ ಅಸಹ್ಯಪಟ್ಟು ಬುರುಡೆ ಕೆಳಗಿಟ್ಟರೆ, ನನ್ನ ಬೇಕರಿಯೂ ಅದರ ಜೊತೆ ಕೆಳಗೆ.

“ಔಷಧಿಗೆ ಎಂಜಲಿಲ್ಲ,” ಎಂದರು ಮಾಮಿ.

“ಯಾರು ಹೇಳಿದ್ದು?”

“ನನ್ನ ಅಜ್ಜಿ.” ಹೀರಿದರು. ಸೊರ್ ಎಂದು ತಳದ ಸದ್ದು ಬರುವವರೆಗೂ ಹೀರಿದರು.

“ಹಾಗಾದ್ರೆ ಮೆಲ್ಬರ್ನಲ್ಲಿ ಏನ್ಮಾಡ್ತೀಯಾ? ಅಲ್ಲಿ ಇದನ್ನೆಲ್ಲ ಯಾರು ಮಾಡಿಕೊಡ್ತಾರೆ?”

“ಸೊಪ್ಪು ಜಲಜಾ ಕಳಿಸ್ತಾಳೆ. ಅವಳು ಬೇಕರಿಗೆ ಸೇರ್ತಾಳಲ್ಲ.”

“ಬೇಕರಿಗಾ? ಅಮ್ಮಾ, ಸಂಘದವರು...”

“ಸಂಘದವರಿಗೆ ಬಿಸ್ಕತ್ತು ಕೊಟ್ಟರಾಯಿತು.”

ಪೇಪರಿನ ಹಿಂದಿನಿಂದ ಪ್ರೀತಮ್ ಹೇಳಿದರು, “ಅಮ್ಮ ಹೂಂ ಅಂದಳಲ್ಲ.”

ನಾನು ಕೆಲಸಕ್ಕೆ ಸೇರಿದೆ. ತಲೆಗೆ ಬಿಳಿ ಬಲೆ ಹಾಕಿ ಬಿಸ್ಕತ್ತಿಗೆ ಹೂರಣ ಹಚ್ಚುತ್ತೇನೆ. ಯಾರೂ ನನ್ನನ್ನು ಮಾತಾಡು ಎನ್ನುವುದಿಲ್ಲ. ಮಾಮಿಗೆ ಫೇರ್‌ಫೀಲ್ಡಿನಲ್ಲಿ ಕೊಂಡ ಸೊಪ್ಪನ್ನು ಬೇಕರಿಯ ಡಬ್ಬಿಯಲ್ಲಿ ತುಂಬಿಸಿ ಪೋಸ್ಟ್ ಮಾಡುತ್ತಿದ್ದೆ.

ಚಳಿ ಶುರುವಾದ ಮೇಲೆ ಒಂದು ಭಾನುವಾರ ಮೆಲ್ಬರ್ನಿನಿಂದ ಫೋನು ಬಂತು.

“ಜಲಜಾ,” ಎಂದರು ವಿಜೇತಕ್ಕ, “ಭಜನೆಗೆ ಬಂದ ಆಂಟಿಯರಿಗೆಲ್ಲ ಅಮ್ಮ ಒಂದೇ ಸ್ಟ್ರಾ ಕೊಡ್ತಾ ಇದ್ದಾಳೆ! ಇಂದಿರಮ್ಮ ಆಂಟಿ ಎದ್ದು ಹೋದ್ರು, ಗೊತ್ತಾ? ಮತ್ತೆ ಆ ಸೊಪ್ಪು ಇಲ್ಲಿ ಡ್ಯಾಂಡಿನಾಂಗ್ ಮಾರ್ಕೆಟ್ಟಲ್ಲಿ ರಾಶಿ ಬಿದ್ದಿದೆ! ನೀನು ಕಳಿಸೋದೇ ಬೇಕಾಗಿಲ್ಲ, ನಿನ್ನ ಕೆಲಸವೂ ಬೇಕಾಗಿಲ್ಲ. ತಗೋ, ಅಮ್ಮ ಮಾತಾಡ್ತಾಳಂತೆ.”

ನಾನು ಒಲೆ ಆರಿಸಿ ಫೋನನ್ನು ಕಿವಿಗೆ ಒತ್ತಿಕೊಂಡೆ.

“ಜಲಜಾ,” ಎಂದರು ಮಾಮಿ. “ಸೊಪ್ಪು ಎಲ್ಲ ಕಡೆ ಸಿಗುವುದು ನಿನಗೆ ಗೊತ್ತಿತ್ತಾ?”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

“ಇಲ್ಲಿ ಬುರುಡೆ ಮಾರಿದ ಅಂಗಡಿಯವಳು ಹೇಳಿದಳು, ಸಾಕಾದರೆ ಥ್ಯಾಂಕ್ಸ್ ಹೇಳಬೇಕಂತೆ. ಆವತ್ತು ನನ್ನ ಹೊಟ್ಟೆ ಬಿರಿಯುವ ತನಕ ಕುಡಿಸಿದಳಲ್ಲ ಆ ಹೆಂಗಸು, ಆವಾಗ ನೀನು ಬೆಡ್‌ಶೀಟಿನ ಹಿಂದೆ ಇದ್ದಿ. ಅದೂ ನಿನಗೆ ಗೊತ್ತಿತ್ತಾ?”

ಕಂಡಿದ್ದರು! ನನ್ನ ಕಾಲು ಕಂಡಿರಬೇಕು. ಬೆಡ್‌ಶೀಟ್ ನೆಲದವರೆಗೆ ಇರಲಿಲ್ಲ.

ಆ ಕಡೆಯಿಂದ ಒಂದು ವಿಚಿತ್ರ ಸದ್ದು ಬಂತು. ಮಾಮಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

“ಕಳ್ಳಿ,” ಎಂದರು. “ಇವಳು ನಿನ್ನ ಕೆಲಸ ಬಿಡಿಸಬೇಕಂತ ಬೆಳಗ್ಗಿನಿಂದ ನನ್ನ ತಲೆ ತಿನ್ನುತ್ತಿದ್ದಾಳೆ. ನೀನೇ ಹೇಳು. ನಿನಗೆ ಬೇಕರಿ ಸಾಕಾ?”

ಥ್ಯಾಂಕ್ಸ್ ಮಾಮಿ ಎಂದುಬಿಡಬೇಕೆಂದು ಬಾಯಿ ತೆರೆದೆ. ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಅಲ್ಲಿಂದಲೇ ಅದನ್ನು ನುಂಗಿ, ತುಟಿ ಬಿಗಿಯಾಗಿ ಮುಚ್ಚಿಕೊಂಡೆ.

ಫೋನಿನಲ್ಲಿ ಬುರುಡೆಯ ತಳ ಸೊರ್ ಎಂದಿತು.

“ಹಾಂ,” ಎಂದರು ಮಾಮಿ. “ಕೇಳಿಸಿತು.”